ಕಸದ ಯಾರ್ಡಿನಿಂದ ಕಂಡ ಅಕ್ಟೋಬರ್

ನಮ್ಮ ಟಾಲ್ಬಟ್‌ನಲ್ಲಿ ಮಾರ್ಚ್ ತಿಂಗಳೆಂದರೆ ಓಪಲ್ ಗ್ರಿಸಮ್. ಊರಿನ ಅಗ್ನಿಶಾಮಕ ದಳದವರು ಪ್ರತಿ ವರ್ಷ ಒಂದು ಕ್ಯಾಲೆಂಡರ್ ಹಾಕಿಸುತ್ತಾರೆ. ತಿಂಗಳಿಗೊಂದು ಫೋಟೋ, ಎಲ್ಲವೂ ಊರಿನವರೇ ತೆಗೆದದ್ದು. ಕೊಲೊರಾಡೊದ ಈ ಮೂಲೆಯಲ್ಲಿ ಮಾರ್ಚ್ ಬಂತೆಂದರೆ ಹಿಮ ಕರಗಿ, ರಸ್ತೆ ಯಾವುದು ಹೊಂಡ ಯಾವುದು ಗೊತ್ತಾಗದಷ್ಟು ಕೆಸರು. ಆ ಕೆಸರನ್ನು ಓಪಲ್ ತೆಗೆದ ಹಾಗೆ ಇನ್ನೊಬ್ಬರು ತೆಗೆಯಲಾರರು. ಹೊಟ್ಟೆಯವರೆಗೆ ಹೂತುಹೋಗಿಯೂ ಗಾಂಭೀರ್ಯ ಬಿಡದ ಹಸು, ಕೆಸರಿನಲ್ಲಿ ಒಂಟಿಯಾಗಿ ನಿಂತ ಬೂಟು, ಅದರಿಂದ ಸ್ವಲ್ಪ ದೂರದಲ್ಲಿ ಒಂಟಿಕಾಲಲ್ಲಿ ನಿಂತ ಪಾದ್ರಿ. ಜನ ಮೆಚ್ಚಿ ಮೆಚ್ಚಿ ಅವರಿಗೆ ಮಾರ್ಚ್ ತಿಂಗಳನ್ನೇ ಬರೆದುಕೊಟ್ಟುಬಿಟ್ಟಿದ್ದರು.

ಓಪಲ್ ಅವರಿಗೆ ಬೇಕಿದ್ದದ್ದು ಅಕ್ಟೋಬರ್.

ಅಕ್ಟೋಬರ್ ಅಂದರೆ ಆಸ್ಪೆನ್. ಬಿಳಿ ಕಾಂಡದ, ಸಣ್ಣ ಗಾಳಿಗೂ ಎಲೆಯೆಲ್ಲ ಗಲಗಲ ನಡುಗುವ ಮರ. ವರ್ಷವೆಲ್ಲ ಯಾರೂ ಅದನ್ನು ತಿರುಗಿ ನೋಡುವುದಿಲ್ಲ. ಸೆಪ್ಟೆಂಬರ್ ಕೊನೆಗೆ ಎಲೆ ಹಳದಿಗೆ ತಿರುಗಿತೋ, ಊರಿಗೆ ಊರೇ ಕ್ಯಾಮೆರಾ ಒರೆಸಿಕೊಂಡು ಹೊರಡುತ್ತದೆ. ನಮ್ಮಲ್ಲಿ ಆಸ್ಪೆನ್ ಫೋಟೋ ಎನ್ನುವುದು ಬೇಟೆಯ ಹಾಗೆ. ಯಾರೂ ತಮ್ಮ ಜಾಗ ಹೇಳುವುದಿಲ್ಲ, ಮದುವೆಯಾದ ಹೆಂಡತಿಗೂ ಹೇಳುವುದಿಲ್ಲ. ಓಪಲ್ ಅವರ ಜಾಗ ಹೆಸ್ಟರ್ ಬೆಟ್ಟದ ಮೇಲೆ ಎಲ್ಲೋ ಇದೆ ಎಂಬುದಷ್ಟೇ ಊರಿಗೆ ಗೊತ್ತಿತ್ತು. ಪ್ರತಿ ಶರತ್ಕಾಲದಲ್ಲಿ ಕೆಂಪು ಪಿಕಪ್ ಗಾಡಿಯಲ್ಲಿ ಹೋಗಿ, ಎಲ್ಲೋ ನಿಲ್ಲಿಸಿ, ಇನ್ನೆಲ್ಲಿಗೋ ಹತ್ತಿ, ಫೋಟೋ ತರುತ್ತಿದ್ದರು. ವರ್ಷಕ್ಕೊಮ್ಮೆ ಅಗ್ನಿಶಾಮಕ ಶೆಡ್ಡಿನಲ್ಲಿ ಊರವರೆಲ್ಲ ಅಡುಗೆ ತಂದು ಒಟ್ಟಿಗೆ ಉಣ್ಣುವ ಊಟದ ದಿನ ಫೋಟೋಗಳನ್ನೆಲ್ಲ ಸಾಲಾಗಿ ಇಟ್ಟು, ಪ್ರತಿಯೊಂದರ ಮುಂದೆ ಒಂದು ಗಾಜಿನ ಜಾಡಿ ಇಡುತ್ತಾರೆ. ಮೆಚ್ಚಿದ ಫೋಟೋದ ಜಾಡಿಗೆ ಒಣ ಹುರುಳಿಕಾಯಿ ಬೀಜ ಹಾಕಬೇಕು. ಓಪಲ್ ಅವರ ಆಸ್ಪೆನ್ ಜಾಡಿಯಲ್ಲಿ ತಳ ಮುಚ್ಚುವಷ್ಟು ಬೀಜವೂ ಬೀಳುತ್ತಿರಲಿಲ್ಲ. ಬಿಳಿ ಕಾಂಡ, ಬಿಳಿ ಕಾಂಡ, ಅದರ ಹಿಂದೆ ಇನ್ನಷ್ಟು ಬಿಳಿ ಕಾಂಡ, ಮೇಲೆ ಒಂದಿಷ್ಟು ಹಳದಿ. ಚೆನ್ನಾಗಿರಲಿಲ್ಲ ಎಂದಲ್ಲ, ಕಂಬಿ ಹಾಕಿದ ಕಿಟಕಿಯ ಹಾಗಿರುತ್ತಿತ್ತು. ಅಕ್ಟೋಬರ್ ಪ್ರತಿ ಸಲ ಔಷಧಿ ಅಂಗಡಿಯ ಕ್ಲೈಡ್‌ಗೆ ಹೋಗುತ್ತಿತ್ತು. ಓಪಲ್ ಚಪ್ಪಾಳೆ ತಟ್ಟಿ, ಊಟಕ್ಕೆಂದು ತಂದಿದ್ದ ತಮ್ಮ ಪೀಚ್ ಪೈ ತಟ್ಟೆಯನ್ನು ಖಾಲಿಯಾಗುವ ಮೊದಲೇ ಎತ್ತಿಕೊಂಡು ಮನೆಗೆ ಹೋಗುತ್ತಿದ್ದರು.

ಈ ಕಥೆಯಲ್ಲಿ ನನ್ನದೂ ಒಂದು ಪಾತ್ರವಿದೆ, ಕಸದ್ದು. ಊರಾಚೆ ನದಿಯ ಆ ದಡದಲ್ಲಿರುವ ಕಸದ ಯಾರ್ಡಿಗೆ ನಾನೇ ಕಾವಲುಗಾರ, ಮುಂದಿನ ದೊಡ್ಡ ಬಕೆಟ್ಟಿನಲ್ಲಿ ಕಸ ಎತ್ತುವ ಲೋಡರಿಗೆ ನಾನೇ ಡ್ರೈವರ್, ಕರಡಿ ಬಂದಾಗ ತಗಡು ಬಡಿಯುವವನೂ ನಾನೇ. ಹುಡುಗನಾಗಿದ್ದಾಗ ಓದಿನಲ್ಲಿ ಹಿಂದಿದ್ದೆ, ಮಿಕ್ಕಿದ್ದರಲ್ಲಿ ಅದಕ್ಕಿಂತ ಹಿಂದಿದ್ದೆ. ಓಪಲ್ ಆಗ ಶಾಲೆಯ ಬಸ್ಸು ಓಡಿಸುತ್ತಿದ್ದರು. ಮುಂದಿನ ಸೀಟಿನಲ್ಲಿ, ತಮ್ಮ ಕಣ್ಣೆದುರಿಗೆ ನನ್ನನ್ನು ಕೂರಿಸಿಕೊಂಡು ಕರೆದೊಯ್ಯುತ್ತಿದ್ದರು, ಪ್ರೀತಿಯಿಂದಲ್ಲ, ನಂಬಿಕೆಯಿಲ್ಲದೆ. ಈಗ ನನ್ನ ತಲೆ ಅರ್ಧ ಬೋಳಾಗಿದೆ. ಆದರೂ ಎದುರಿಗೆ ಬಂದರೆ "ಮಿಸೆಸ್ ಗ್ರಿಸಮ್" ಎಂದೇ ಬಾಯಿಗೆ ಬರುತ್ತದೆ.

ಶರತ್ಕಾಲದಲ್ಲಿ ಹೊರಊರಿನವರು ಕಾರು ತುಂಬಿಕೊಂಡು ಬಂದು, ಒಳ್ಳೆಯ ಆಸ್ಪೆನ್ ಎಲ್ಲಿವೆ ಎಂದು ಕೇಳುತ್ತಾರೆ. ಅವರಿಗೆ ದಾರಿ ತಪ್ಪಿಸುವುದು ನಮ್ಮೂರ ಸಂಪ್ರದಾಯ. ಹಿಂದೊಮ್ಮೆ ಯಾರೋ ಮರದ ತೊಗಟೆಯ ಮೇಲೆಲ್ಲ ತಮ್ಮ ಪ್ರೇಮ ಕೆತ್ತಿ ಹೋದ ಮೇಲೆ ಓಪಲ್ ಅವರೇ ಇದನ್ನು ಶುರು ಮಾಡಿದ್ದಂತೆ. ಸೇತುವೆ ದಾಟಿ, ಎಡಕ್ಕೆ ತಿರುಗಿ, ಟಾರು ಮುಗಿಯುವವರೆಗೂ ಹೋಗಿ, ಅಲ್ಲಿಂದಾಚೆ ನಿಮಗೇ ಗೊತ್ತಾಗುತ್ತದೆ ಎಂದು ಅವರು ಮುಖದ ಒಂದು ಗೆರೆಯೂ ಅಲುಗದಂತೆ ಹೇಳುತ್ತಿದ್ದರು. ಟಾರು ಮುಗಿಯುವುದು ನನ್ನ ಗೇಟಿನ ಮುಂದೆ. ಗೊತ್ತಾಗುವುದು ವಾಸನೆಯಿಂದ. ಊರಿನವರೆಲ್ಲ ಅದನ್ನೇ ಬಾಯಿಪಾಠ ಮಾಡಿಕೊಂಡರು. ಬಂದವರು ಮೂಗು ಮುಚ್ಚಿಕೊಂಡು ನನ್ನನ್ನು ನೋಡುತ್ತಿದ್ದರು, ನಾನು ಅಯ್ಯೋ ಪಾಪ ಎನ್ನುವ ಮುಖ ಮಾಡುತ್ತಿದ್ದೆ, ಅವರು ಗಾಡಿ ತಿರುಗಿಸುತ್ತಿದ್ದರು.

ಹೋದ ವರ್ಷದ ಬೇಸಿಗೆಯಲ್ಲಿ ಓಪಲ್ ಅವರ ಸೊಂಟದ ಕೀಲು ಕೈಕೊಟ್ಟಿತು. ನವೆಂಬರ್‌ನಲ್ಲಿ ಆಪರೇಷನ್, ಆಮೇಲೆ ಬೆಟ್ಟದ ಮಾತೇ ಎತ್ತಬೇಡಿ ಎಂದರಂತೆ ಡಾಕ್ಟರು. ಅಂಚೆ ಕಚೇರಿಯಲ್ಲಿ ಸಿಕ್ಕಾಗ ಅವರೇ ಹೇಳಿದರು, ಹವಾಮಾನ ಹೇಳುವ ಹಾಗೆ. ಕೊನೆಗೆ ಮಾತ್ರ ದನಿ ಸ್ವಲ್ಪ ಇಳಿಯಿತು.

"ಇದೊಂದು ಶರತ್ಕಾಲ ಉಳಿದಿದೆ ಕಣೋ ವೆಂಡೆಲ್. ಈ ಸಲವೂ ಆಗ್ಲಿಲ್ಲ ಅಂದ್ರೆ, ನನ್ನ ಸಮಾಧಿ ಮೇಲೂ ಮಾರ್ಚ್ ಅಂತಾನೇ ಕೆತ್ತುತ್ತೀರಿ ನೀವು."

ನಾನು ನಕ್ಕೆ. ಅವರು ನಗಲಿಲ್ಲ.

ಸೆಪ್ಟೆಂಬರ್ ಕೊನೆಯ ವಾರ ನನ್ನ ಗೇಟಿಗೆ ನೆಬ್ರಾಸ್ಕಾದಿಂದ ಒಬ್ಬ ಹಲ್ಲಿನ ಡಾಕ್ಟರು ಬಂದರು. ಹೆಸರು ಸ್ಟ್ರೂಬಲ್, ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಆಳು. ಬೆಳಗ್ಗೆ ಸೇತುವೆಯ ಹತ್ತಿರ ಕೆಂಪು ಪಿಕಪ್‌ನಲ್ಲಿದ್ದ ವಯಸ್ಸಾದ ಹೆಂಗಸೊಬ್ಬರು ಬಹಳ ವಿಶ್ವಾಸದಿಂದ ದಾರಿ ಹೇಳಿದರು ಎಂದರು. ನಾನು ನನ್ನ ಪಾಪ-ಮುಖ ಹಾಕಿದೆ. ಉಳಿದವರ ಹಾಗೆ ಅವರು ಗಾಡಿ ತಿರುಗಿಸಲಿಲ್ಲ. ಇಷ್ಟು ದೂರ ಬಂದಾಯಿತು, ಕಾಲಾದರೂ ಆಡಿಸುತ್ತೇನೆ ಎಂದು ಕಸ ಸುರಿಯುವ ಕಟ್ಟೆಯ ಕಡೆ ಹೋದರು. ಅಲ್ಲಿ ಕಾಗದ ಹಾರದಂತೆ ಆಳೆತ್ತರದ ಕಾಂಕ್ರೀಟು ಗೋಡೆಯಿದೆ. ಮಾಮೂಲಿ ಮನುಷ್ಯರಿಗೆ ಅದರಾಚೆ ಏನೂ ಕಾಣುವುದಿಲ್ಲ. ಅವರು ಮಾಮೂಲಿ ಮನುಷ್ಯರಲ್ಲ. ಗೋಡೆಯ ಮೇಲಿಂದ ಆಚೆ ನೋಡಿದವರು ಹಾಗೇ ನಿಂತುಬಿಟ್ಟರು. ಆಮೇಲೆ ಓಡಿ ಹೋಗಿ ಕ್ಯಾಮೆರಾ ತಂದರು.

ಸ್ವಲ್ಪ ಹೊತ್ತಿಗೆ ನನ್ನ ಕೋಣೆಗೆ ಬಂದು, ಕ್ಯಾಮೆರಾದ ಹಿಂಬದಿಯ ಪರದೆಯಲ್ಲಿ ಫೋಟೋ ತೋರಿಸಿದರು. ಯಾವ ಊರಿದು ಎಂದು ನಾನು ಕೇಳುವುದೊಂದೇ ಬಾಕಿ ಇತ್ತು. ಕಣಿವೆಯ ಆಚೆ ಇಡೀ ಹೆಸ್ಟರ್ ಬೆಟ್ಟ. ಅದರ ಭುಜದ ಮೇಲೆ, ಕಡು ಹಸಿರು ಸ್ಪ್ರೂಸ್ ಕಾಡಿನ ನಡುವೆ, ಯಾರೋ ದೊಡ್ಡ ಹಳದಿ ಶಾಲನ್ನು ಕೊಡವಿ ಹಾಸಿದ ಹಾಗೆ ಒಂದು ಆಸ್ಪೆನ್ ತೋಪು. ಅಂಚಿನಿಂದ ಅಂಚಿಗೆ ಒಂದೇ ಹಳದಿ. ಒಂದೇ ಬೇರಿನಿಂದ ಎದ್ದ ಆಸ್ಪೆನ್‌ಗಳು ಹಾಗೆಯೇ, ಬಣ್ಣ ತಿರುಗುವುದೂ ಒಟ್ಟಿಗೇ. ಅಕ್ಕಪಕ್ಕದ ಬೇರೆ ತೋಪುಗಳು ಇನ್ನೂ ಹಸಿರಾಗಿದ್ದವು.

ಸ್ಟ್ರೂಬಲ್ ಪರದೆಯ ಮೇಲೆ ಬೆರಳಿಟ್ಟು, ತೋಪಿನ ಬುಡದಲ್ಲಿ ಈ ಕೆಂಪು ಚುಕ್ಕೆ ಏನು ಎಂದು ಕೇಳಿದರು. ದೊಡ್ಡದು ಮಾಡಿ ನೋಡಿದೆವು. ಪಿಕಪ್ ಗಾಡಿ. ಹಿಂದಿನ ಬಂಪರು ಸೊಟ್ಟ. ಆ ಬಂಪರು ನನಗೆ ಗೊತ್ತು, ಅದನ್ನು ಸೊಟ್ಟ ಮಾಡಿದವನು ನಾನೇ.

ಅಂದರೆ ಓಪಲ್ ತಮ್ಮ ಗುಟ್ಟಿನ ತೋಪನ್ನು ಕಾಪಾಡಲು ವರ್ಷಾನುಗಟ್ಟಲೆ ಎಲ್ಲರನ್ನೂ ಅಟ್ಟುತ್ತಿದ್ದದ್ದು, ಆ ತೋಪು ಎಲ್ಲಕ್ಕಿಂತ ಚೆನ್ನಾಗಿ ಕಾಣುವ ಜಾಗಕ್ಕೇ. ಬಂದವರಿಗೆ ಮೂಗಿತ್ತು, ಹಾಗಾಗಿ ಕಣ್ಣು ಕೆಲಸ ಮಾಡಿರಲಿಲ್ಲ. ನನಗಂತೂ ಸಂಬಳ ಬರುವುದೇ ಕೆಳಗೆ ನೋಡುವುದಕ್ಕೆ.

ಸಂಜೆ ಓಪಲ್ ಅವರ ಮನೆಗೆ ಹೋಗಿ ವಿಷಯ ಹೇಳಿದೆ. ನನ್ನ ಜೀವನದಲ್ಲಿ ಇಷ್ಟು ಒಳ್ಳೆಯ ಸುದ್ದಿಗೆ ಇಷ್ಟು ಕೆಟ್ಟ ಮರ್ಯಾದೆ ಸಿಕ್ಕಿದ್ದಿಲ್ಲ. ಮೊದಲು, ತಮ್ಮ ತೋಪನ್ನು ನಾನು ಕದ್ದು ನೋಡಿದೆನೆಂದು ಸಿಟ್ಟು. ಆಮೇಲೆ ಹಲ್ಲಿನ ಡಾಕ್ಟರ ಮೇಲೆ. ನನ್ನ ಯಾರ್ಡಿಗೆ ಬಂದು ಒಮ್ಮೆ ನೋಡಿ ಎಂದಾಗ, ಚಾಕು ಹಿಡಿದು ಸೇಬು ಹೆಚ್ಚುತ್ತಿದ್ದವರು ಹೆಚ್ಚುವುದನ್ನು ನಿಲ್ಲಿಸಿದರು.

"ಇಷ್ಟು ವರ್ಷ ಬೆಟ್ಟ ಹತ್ತಿ ತೆಗೆದಿದ್ದೀನಿ ಕಣೋ. ಕೊನೇ ಸಲ ಬಂದು ಕಸದ ತಿಪ್ಪೆಯಿಂದ ತೆಗೀಲಾ?"

ಎರಡು ಹೋಳು ಸೇಬು ತಿಂದು ಬಂದೆ.

ಮಾರನೆಯ ಬೆಳಗ್ಗೆ ಎದ್ದು ನೋಡಿದರೆ ಹೆಸ್ಟರ್ ನೆತ್ತಿಯ ಮೇಲೆ ವರ್ಷದ ಮೊದಲ ಹಿಮ. ಇದು ಅಪರೂಪ. ಸಾಮಾನ್ಯವಾಗಿ ಹಿಮ ಬರುವ ಹೊತ್ತಿಗೆ ಎಲೆ ಇರುವುದಿಲ್ಲ, ಎಲೆ ಇರುವಾಗ ಹಿಮ ಬರುವುದಿಲ್ಲ. ಆದರೆ ರಾತ್ರಿಗೆ ಜೋರು ಗಾಳಿ ಎಂದು ರೇಡಿಯೋ ಹೇಳಿತು. ಗಾಳಿ ಬಂದರೆ ಆಸ್ಪೆನ್ ಒಂದೇ ರಾತ್ರಿಯಲ್ಲಿ ಬೋಳು. ಓಪಲ್ ಅವರ ಪಿಕಪ್ ಬೆಟ್ಟದ ಕಡೆ ಹೋದದ್ದನ್ನು ಊರೆಲ್ಲ ನೋಡಿತು.

ನಾನು ಅವತ್ತು ಕೆಲಸ ಮಾಡಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಲೋಡರಿನ ಮೇಲೆ ಹತ್ತಿ ಆಗಾಗ ಗೋಡೆಯಾಚೆ ನೋಡುತ್ತಿದ್ದೆ. ಕೆಂಪು ಚುಕ್ಕೆ ತೋಪಿನ ಬುಡದಲ್ಲಿ ಬಂದು ನಿಂತಿತು. ಮಧ್ಯಾಹ್ನದವರೆಗೂ ಅಲ್ಲೇ ನಿಂತಿತ್ತು. ಆಮೇಲೆ ಮೆಲ್ಲಗೆ ಇಳಿಯತೊಡಗಿತು. ಹೋಗಿ ವಿಚಾರಿಸೋಣವೆಂದು ಗೇಟಿಗೆ ಬೀಗ ಹುಡುಕುತ್ತಿದ್ದಾಗ ಪಿಕಪ್ ನನ್ನ ಮುಂದೆಯೇ ಬಂದು ನಿಂತಿತು. ಓಪಲ್ ಇಳಿಯಲಿಲ್ಲ. ಕಿಟಕಿ ಇಳಿಸಿ, ಹಿಂದೆ ಒಂದು ಮುರಿದ ಕುರ್ಚಿ ಇದೆ, ಎಸೆಯಲು ತಂದೆ ಎಂದರು. ನೋಡಿದೆ. ಒಂದು ಕಾಲು ಸ್ವಲ್ಪ ಸಡಿಲ, ಅಷ್ಟೆ.

ಬೆಟ್ಟದಲ್ಲಿ ಹಿಮ ಬಿದ್ದು ದಾರಿ ಜಾರುತ್ತಿತ್ತಂತೆ. ಗಾಡಿ ಬಿಟ್ಟು ಕೊಂಚ ದೂರ ಹತ್ತುವಷ್ಟರಲ್ಲಿ ಸೊಂಟ ಹಿಡಿದುಕೊಂಡು, ಕೂತು, ಕುಂಡೆ ಊರಿಕೊಂಡೇ ಕೆಳಗೆ ಜಾರಿ ಬಂದರಂತೆ. ಪ್ಯಾಂಟಿನ ಹಿಂಬದಿಯೆಲ್ಲ ಕೆಸರು. ಇದನ್ನು ಮಾರ್ಚ್‌ಗೆ ಇಟ್ಟುಕೊಳ್ಳಿ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ನಾನು ಮಾಡಿದ ಬುದ್ಧಿವಂತಿಕೆಯ ಕೆಲಸಗಳಲ್ಲಿ ಅದೂ ಒಂದು.

ಕುರ್ಚಿ ಇಳಿಸಿದೆ. ಅವರೂ ಇಳಿದರು, ಕೋಲೂರಿಕೊಂಡು ಗೋಡೆಯವರೆಗೆ ಬಂದರು. ಓಪಲ್ ಗಿಡ್ಡ. ಅವರ ಎದುರಿಗಿದ್ದದ್ದು ಕಾಂಕ್ರೀಟು.

"ಇದೇನಾ ನಿನ್ನ ನೋಟ?" ಎಂದರು.

ಲೋಡರಿನ ಬಕೆಟ್ಟಿನಲ್ಲಿ ಮನುಷ್ಯರನ್ನು ಎತ್ತಬಾರದು ಎಂದು ಅದರ ಮೇಲೆಯೇ ದೊಡ್ಡಕ್ಷರದಲ್ಲಿ ಬರೆದಿದೆ, ಚಿತ್ರವೂ ಇದೆ. ನಾನು ಆ ಚಿತ್ರದ ಮೇಲೆ ನನ್ನ ಕೋಟು ನೇತುಹಾಕಿದೆ. ಬಕೆಟ್ಟನ್ನು ನೀರು ಹಾಕಿ ತೊಳೆದು, ಆ ಕುರ್ಚಿಯ ಕಾಲಿಗೆ ತಂತಿ ಬಿಗಿದು ಒಳಗಿಟ್ಟು, ಅವರನ್ನು ಕೂರಿಸಿದೆ. ಮಡಿಲಲ್ಲಿ ಕ್ಯಾಮೆರಾ. ಬಸ್ಸಿನಲ್ಲಿ ನಾನು ಕೇಳುತ್ತಿದ್ದ ಅದೇ ದನಿಯಲ್ಲಿ ಅವರು ಅಪ್ಪಣೆ ಕೊಟ್ಟರು.

"ಮೆಲ್ಲಗೆ ಎತ್ತು. ಕುಲುಕಿದ್ರೆ ನಿಮ್ಮಮ್ಮಂಗೆ ಹೇಳ್ತೀನಿ."

ನಮ್ಮಮ್ಮ ತೀರಿಕೊಂಡು ಬಹಳ ಕಾಲವಾಯಿತು. ಆದರೂ ಮೆಲ್ಲಗೇ ಎತ್ತಿದೆ.

ಗೋಡೆಯನ್ನು ಅವರ ತಲೆ ದಾಟಿತು, ಹೆಗಲು ದಾಟಿತು. ಇನ್ನೂ ಎತ್ತಲೇ ಎಂದು ಕೇಳಿದೆ. ಸಾಕೆಂದು ಕೈಯೆತ್ತಿದರು. ಎಂಜಿನ್ ಆರಿಸಿದೆ. ಸೂರ್ಯ ಮೋಡದ ಮರೆಯಲ್ಲಿದ್ದ. ಹೆಸ್ಟರ್ ಬೆಟ್ಟ ಬೂದಿ ಬಳಿದ ಹಾಗೆ ಮಂಕಾಗಿತ್ತು. ನನ್ನ ಗೇಟು ಮುಚ್ಚುವ ಹೊತ್ತು ಬಂದು ಹೋಯಿತು. ಹಳೆಯ ಫ್ರಿಜ್ಜು ತಂದ ಒಬ್ಬನನ್ನು ಕೈಸನ್ನೆಯಲ್ಲೇ ವಾಪಸು ಕಳಿಸಿದೆ. ಅವನು ಬಕೆಟ್ಟಿನಲ್ಲಿದ್ದ ಓಪಲ್ ಅವರನ್ನು ನೋಡಿ, ಟೋಪಿ ಎತ್ತಿ ನಮಸ್ಕರಿಸಿ, ಏನೂ ಕೇಳದೆ ಹೋದ. ನಮ್ಮೂರವರು ಹಾಗೆ, ಕೇಳುವುದೆಲ್ಲ ಆಮೇಲೆ, ಬೇರೆಯವರ ಹತ್ತಿರ.

ಆಗ ನಮ್ಮ ಬೆನ್ನ ಹಿಂದೆ ಮೋಡ ಒಂದಿಷ್ಟು ಸರಿಯಿತು. ಬೆಳಕು ನದಿ ದಾಟಿ, ಬೆಟ್ಟದ ಬುಡ ಹತ್ತಿ, ತೋಪಿನ ಮೇಲೆ ಬಂದು ನಿಂತಿತು. ಮೇಲೆ ಹಿಮ, ಕೆಳಗೆ ಹಸಿರು, ನಡುವೆ ಆ ಹಳದಿ. ನನಗೆ ವರ್ಣಿಸಲು ಬರುವುದಿಲ್ಲ, ಕಸವಾದರೆ ವಿಂಗಡಿಸಿ ಹೇಳಬಲ್ಲೆ. ಮೇಲೆ ಕ್ಯಾಮೆರಾ ಕ್ಲಿಕ್ಕೆನ್ನುವುದನ್ನು ಕಾಯುತ್ತಿದ್ದೆ. ಅನ್ನಲಿಲ್ಲ. ಗಾಬರಿಯಾಗಿ ಹೆಸರು ಹಿಡಿದು ಕೂಗಿದೆ. ಮೊದಲ ಸಲ ಓಪಲ್ ಎಂದೇ ಕೂಗಿದೆನೆಂದು ಕಾಣುತ್ತದೆ.

"ಇಷ್ಟು ವರ್ಷ ನಾನು ಇದರ ಹೊಟ್ಟೆಯೊಳಗೇ ನಿಂತಿದ್ದೆ ಕಣೋ," ಎಂದರು ಮೇಲಿಂದ. "ಮುಖಾನೇ ನೋಡಿರ್ಲಿಲ್ಲ."

ಆಮೇಲೆ ಕ್ಲಿಕ್ಕೆಂದಿತು.

ರಾತ್ರಿ ಗಾಳಿ ಬೀಸಿ ಬೆಟ್ಟ ಬೋಳಾಯಿತು.

ಊಟದ ದಿನಕ್ಕೆ ಮೊದಲು ಇನ್ನೊಂದು ತಕರಾರು. ಹಿಂದೆ ಯಾರೋ ಸ್ವಿಟ್ಜರ್ಲೆಂಡಿನ ಬೆಟ್ಟ ತಂದಿಟ್ಟು ಗೆದ್ದ ಮೇಲೆ, ಎಲ್ಲಿ ನಿಂತು ತೆಗೆದದ್ದು ಎಂದು ಫೋಟೋದ ಕೆಳಗೆ ಬರೆಯಬೇಕೆಂದು ನಿಯಮವಾಗಿದೆ. ಎಲ್ಲರೂ "ಹೆಸ್ಟರ್ ಬೆಟ್ಟದ ಹತ್ತಿರ" ಎಂದು ತೇಲಿಸಿ ಬರೆಯುತ್ತಾರೆ. ಹಾಗೇ ಬರೆಯಿರಿ, ಇಲ್ಲದಿದ್ದರೆ ಜನ ನಗುತ್ತಾರೆ, ಬೀಜವೂ ಹೋಗುತ್ತದೆ, ನನ್ನ ಗೇಟಿಗೆ ಕಾರುಗಳ ಸಾಲೂ ಬರುತ್ತದೆ ಎಂದು ಓಪಲ್ ಅವರನ್ನು ಬೇಡಿಕೊಂಡೆ. ಅವರು ಪೆನ್ನಿನ ಮುಚ್ಚಳ ತೆಗೆದರು.

"ಕೆಸರಿಗೆ ಕೆಸರು ಅಂತಾನೇ ಬರೆದವಳು ನಾನು. ಅಕ್ಟೋಬರ್‌ಗೆ ಮಾತ್ರ ಸುಳ್ಳು ಹೇಳಲಾ?"

'ಟಾಲ್ಬಟ್ ಕಸದ ಯಾರ್ಡಿನಿಂದ, ಲೋಡರ್ ಬಕೆಟ್ಟಿನಲ್ಲಿ ಕೂತು' ಎಂದು ಬರೆದರು.

ಶೆಡ್ಡಿನಲ್ಲಿ ಜನ ಮೊದಲು ಅದನ್ನು ಓದಿದರು, ನಕ್ಕರು. ನಾನು ಹಸಿ ಮೆಣಸಿನಕಾಯಿ ಸಾರಿನ ಬಟ್ಟಲಿನಲ್ಲಿ ಮುಖ ಹುದುಗಿಸಿ ಕೂತೆ. ಆಮೇಲೆ ಫೋಟೋ ನೋಡಿದರು. ನಗು ನಿಂತಿತು. ಜಾಡಿಯಲ್ಲಿ ಬೀಜ ಬೀಳುವ ಸದ್ದು ಶುರುವಾಯಿತು. ಕ್ಲೈಡ್ ತನ್ನ ಬೀಜವನ್ನು ಕೈಯಲ್ಲಿ ಬಹಳ ಹೊತ್ತು ತಿರುಗಿಸಿ, ಕೊನೆಗೆ ಅದೇ ಜಾಡಿಗೆ ಹಾಕಿದ್ದನ್ನು ನಾನು ನೋಡಿದ್ದೇನೆ. ಓಪಲ್ ಅವತ್ತು ಪೈ ತಟ್ಟೆಯನ್ನು ಎತ್ತಿಕೊಳ್ಳಲಿಲ್ಲ. ಖಾಲಿಯಾಗುವವರೆಗೂ ಬಡಿಸಿದರು.

ಆಪರೇಷನ್ ಚೆನ್ನಾಗಿ ಆಯಿತು. ಓಪಲ್ ಅವರ ಅಕ್ಟೋಬರ್ ಈಗ ನಮ್ಮೂರ ಗೋಡೆಗಳ ಮೇಲೆಲ್ಲ ಇದೆ, ತಿಂಗಳು ಬರುವ ಮೊದಲೇ ಜನ ಪುಟ ತಿರುಗಿಸಿದ್ದಾರೆ. ನಾನು ಹೆದರಿದ್ದ ಕಾರುಗಳ ಸಾಲು ಮಾತ್ರ ಬರಲಿಲ್ಲ. ಹೊರಊರಿನವರು ಕೇಳಿದರೆ ಈಗ ಊರಿನವರು ನಿಜವನ್ನೇ ಹೇಳುತ್ತಾರೆ, ಕಸದ ಯಾರ್ಡಿಗೆ ಹೋಗಿ ಎನ್ನುತ್ತಾರೆ. ಅವರು ಇದು ಹಳ್ಳಿಯವರ ಕುಚೋದ್ಯವೆಂದುಕೊಂಡು, ನಕ್ಕು, ಬೇರೆ ಕಡೆ ಗಾಡಿ ತಿರುಗಿಸುತ್ತಾರೆ.

ಈಗ ಮತ್ತೆ ಸೆಪ್ಟೆಂಬರ್ ಮುಗಿಯುತ್ತಾ ಬಂದಿದೆ. ಆ ಕುರ್ಚಿಯ ಕಾಲು ಸರಿಮಾಡಿ ಇಟ್ಟಿದ್ದೇನೆ. ನಿನ್ನೆ ಓಪಲ್ ಪಿಕಪ್ ತಂದು ಗೇಟಿನಲ್ಲಿ ನಿಲ್ಲಿಸಿ, ಕೋಲಿಲ್ಲದೆ ಇಳಿದು, ಬಕೆಟ್ಟಿನಲ್ಲಿ ಬೆರಳಾಡಿಸಿ ನೋಡಿದರು. ಇನ್ನೊಂದು ಸಲ ತೊಳೆಯಬೇಕಂತೆ.