ಮೇಷ್ಟ್ರು ಖಾಲಿ ಬಿಟ್ಟ ಕಾಲಂ

ಹೋದ ವಾರ ಮೊಮ್ಮಗಳ ಕಾಲೇಜು ಅರ್ಜಿಗೆ ಜಾತಿ ಸರ್ಟಿಫಿಕೇಟು ಬೇಕಾಗಿ ಅವಳ ಜೊತೆ ಹಿಂದೂಪುರದ ಒಂದು ಕಚೇರಿಗೆ ಹೋಗಿದ್ದೆ. ಗುಮಾಸ್ತ ಸ್ಟಾಂಪ್ ಪ್ಯಾಡಿನ ಮುಚ್ಚಳ ತೆಗೆದ. ನೇರಳೆ ಶಾಯಿಯ ವಾಸನೆ ಮೂಗಿಗೆ ಬಡಿಯಿತು. ನಾನೂ ಅದೇ ಕೆಲಸ ಮಾಡಿ ರಿಟೈರಾದವನು, ಆ ವಾಸನೆ ನನಗೇನೂ ಹೊಸದಲ್ಲ. ಆದರೂ ಅವತ್ತು ಮೇಷ್ಟ್ರು ನೆನಪಾಗಿ, ಕೂತಲ್ಲೇ ನಾಚಿಕೆಯಿಂದ ಹಿಡಿಯಾದೆ...

ಮೇಷ್ಟ್ರು ಆಂಧ್ರದ ಗಡಿಯ ನಮ್ಮ ಕನ್ನಡ ಶಾಲೆಯಲ್ಲಿ ಸಮಾಜದ ಪಾಠ ಹೇಳುತ್ತಿದ್ದರು. ನಮ್ಮ ನೇಕಾರರ ಬೀದಿಯಲ್ಲೇ ಬಾಡಿಗೆಗಿದ್ದರು. ಶುಕ್ರವಾರದ ಕೊನೇ ಪೀರಿಯಡ್ಡಿನಲ್ಲಿ ಪುಸ್ತಕ ಮುಚ್ಚಿಟ್ಟು ದೇಶದ ಒಬ್ಬ ದೊಡ್ಡ ನಾಯಕರ ಕಥೆ ಶುರು ಮಾಡುವರು. ಓದುವ ವಯಸ್ಸಿಗೇ ತಮ್ಮ ಹೆಸರಿಗಂಟಿದ್ದ ಜಾತಿಯ ಬಾಲ ಕಿತ್ತು ಹಾಕಿದವರು, ಜೈಲು ಕಂಡವರು, ಮಂತ್ರಿಯಾದ ಮೇಲೆ ಊರ ಬಾವಿಗಳನ್ನು ಎಲ್ಲರಿಗೂ ತೆರೆಸಬೇಕೆಂದು ಹಟ ಹಿಡಿದವರು, ಅದೇ ಕಾರಣಕ್ಕೆ ಸ್ವಂತ ಊರಿನವರಿಂದಲೇ ಚುನಾವಣೆಯಲ್ಲಿ ಸೋತವರು. ಸೋತ ಮಾರನೇ ದಿನ ಏನು ಮಾಡಿದರು ಹೇಳಿ ಎಂದು ಮೇಷ್ಟ್ರು ನಮ್ಮ ಮುಖ ನೋಡುವರು. ಅದೇ ಊರಿನ ಬಾವಿಕಟ್ಟೆಯ ಮೇಲೆ ನಿಂತು, ಬಂದವರಿಗೆಲ್ಲ ನೀರು ಸೇದಿ ಕೊಟ್ಟರಂತೆ. ಭಾಷಣ ಸ್ಪರ್ಧೆಗೆ ಆ ಕಥೆಯನ್ನೇ ನನಗೆ ಬಾಯಿಪಾಠ ಮಾಡಿಸಿದರು. ಮೊದಲ ಬಹುಮಾನ ಬಂತು. ಅಮ್ಮ ಅವರನ್ನು ಮನೆಗೆ ಕರೆದು, ನಡುಮನೆಯಲ್ಲಿ ಮಣೆ ಹಾಕಿ ಒಬ್ಬಟ್ಟು ಬಡಿಸಿದಳು.

ಆದರೆ ಬೀದಿಗೆ ಒಂದು ಕೊರೆತ ಇದ್ದೇ ಇತ್ತು. ಮೇಷ್ಟ್ರು ಯಾವ ಜಾತಿ? ಯಾರಾದರೂ ಮಾತು ತೆಗೆದರೆ ನಕ್ಕು ಮಳೆಯ ವಿಚಾರಕ್ಕೆ ಹೋಗಿಬಿಡುವರು. ಮಗಳನ್ನು ಶಾಲೆಗೆ ಸೇರಿಸುವಾಗಲೂ ಜಾತಿಯ ಕಾಲಂ ಖಾಲಿ ಬಿಟ್ಟಿದ್ದರು.

ಮುಂದೆ ನಾನು ಕಲ್ಯಾಣದುರ್ಗದ ಒಂದು ಕಚೇರಿಯಲ್ಲಿ ಗುಮಾಸ್ತನಾದೆ. ಒಂದು ಮಧ್ಯಾಹ್ನ ಮೇಷ್ಟ್ರು ಬಸ್ಸಿಳಿದು ಬೆವರು ಒರೆಸಿಕೊಳ್ಳುತ್ತಾ ಬಂದರು. ಕಾಲಂ ಖಾಲಿ ಇದೆಯೆಂದು ಮಗಳ ಕಾಲೇಜು ಅರ್ಜಿಯನ್ನು ವಾಪಸ್ಸು ಕಳಿಸಿದ್ದರಂತೆ. ಅವರ ಹುಟ್ಟೂರು ಕುಂದುರ್ಪಿ ಕಡೆಯದು, ಹಾಗಾಗಿ ನಮ್ಮಲ್ಲಿಗೇ ಬರಬೇಕಿತ್ತು.

"ಜಾತಿ ಇಲ್ಲ ಅಂತ್ಲೇ ಬರ್ದು ಕೊಡಕ್ಕೆ ಬತ್ತದೇನಪ್ಪ?" ಎಂದರು.

ಮುಂದಿನ ವಾರ ಬನ್ನಿ ಎಂದೆ. ಅವರು ಅತ್ತ ಹೋದದ್ದೇ ತಡ, ಕಚೇರಿಯವರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ಅವರ ಹುಟ್ಟೂರಿನ ತಳಾರಿಯನ್ನು, ಅಂದರೆ ಊರ ತಳವಾರನನ್ನು, ಕರೆಸಿ ಮೇಷ್ಟ್ರ ಜಾತಿ ಕೇಳಿದೆ. ಅವನು ತೆಲುಗಿನಲ್ಲಿ ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ. ಅದನ್ನೇ ಬರೆದು, ಸಾಹೇಬರ ಸಹಿ ಮಾಡಿಸಿ, ಮೊಹರು ಒತ್ತಿ ಇಟ್ಟೆ. ಹುಡುಗಿಗೆ ಇದರಿಂದ ಸೀಟಾದರೂ ಸಿಗುತ್ತದಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಬೀದಿಯ ಕೊರೆತ ನನಗೂ ಇತ್ತು, ಅಷ್ಟೇ.

ಮುಂದಿನ ವಾರ ಬಂದ ಮೇಷ್ಟ್ರು ಕನ್ನಡಕ ಒರೆಸಿ ಎರಡು ಸಲ ಓದಿದರು. ಯಾರನ್ನು ಕೇಳಿದೆ ಎಂದರು. ಹೇಳಿದೆ.

"ಬರ್ದಿದ್ದು ಕಾನೂನು ಕಣಪ್ಪ, ಅದು ಬಿಡು. ನಿನ್ನಂತೋನೂ ಹುಡುಕ್ಕೊಂಡು ಹೋದ್ಯಲ್ಲ."

ಮಗಳ ಓದಿನ ಪ್ರಶ್ನೆ. ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡರು. ತರಿಸಿದ್ದ ಟೀ ಕುಡಿಯದೆ ಹೋದರು.

ಅಲ್ಲಿಗಾದರೂ ನಿಲ್ಲಿಸಬಹುದಿತ್ತು ನಾನು. ಭಾನುವಾರ ಮನೆಗೆ ಹೋದವನು, ಏನೋ ದೊಡ್ಡ ಗುಟ್ಟು ಸಿಕ್ಕವನ ಹಾಗೆ ಅಮ್ಮನ ಮುಂದೆ ಒದರಿದೆ. "ಅಯ್ಯೋ ಶಿವನೇ, ನಡುಮನೇಲಿ ಕುಂತು ಉಂಡವ್ರಲ್ಲೋ" ಎಂದು ಅವಳು ಒಲೆಯ ಮುಂದಿಂದ ಎದ್ದೇ ಬಿಟ್ಟಳು. ವಾರದೊಳಗೆ ಬೀದಿಗೆಲ್ಲ ಗೊತ್ತಾಯಿತು. ಮಗ್ಗ ಹಾಕಬೇಕು, ಖಾಲಿ ಮಾಡಿ ಎಂದು ಮನೆ ಮಾಲೀಕ ಮೇಷ್ಟ್ರಿಗೆ ಹೇಳಿ ಕಳಿಸಿದ. ಮಗ್ಗವೇನೂ ಬರಲಿಲ್ಲ, ಎರಡು ವರ್ಷ ಆ ಮನೆಗೆ ಬೀಗವೇ ಇತ್ತು. ಅವರು ಲಗೇಜು ಆಟೋಗೆ ಸಾಮಾನು ಹೇರುವ ದಿನ ನಾನು ರಜೆಯ ಮೇಲೆ ಊರಲ್ಲೇ ಇದ್ದೆ. ಪುಸ್ತಕದ ಗಂಟುಗಳನ್ನು ಅಪ್ಪ ಮಗಳು ಇಬ್ಬರೇ ಎತ್ತಿಡುತ್ತಿದ್ದರು. ಕಿಟಕಿಯ ಮರೆಯಲ್ಲಿ ನಿಂತು ನೋಡಿದೆನೇ ಹೊರತು ಹೊಸ್ತಿಲು ದಾಟಲಿಲ್ಲ. ಆಮೇಲೆ ಅವರನ್ನು ಹುಡುಕಿಕೊಂಡು ಹೋಗಿ ಕ್ಷಮೆ ಕೇಳಬೇಕು ಅಂದುಕೊಂಡದ್ದುಂಟು... ಅಂದುಕೊಳ್ಳುವುದರಲ್ಲೇ ಕಾಲ ಹೋಯಿತು.

ಹೋದ ವಾರ ಸರ್ಟಿಫಿಕೇಟು ಹಿಡಿದು ಹೊರಗೆ ಬಂದಾಗ ಟೀ ಅಂಗಡಿಯ ಹತ್ತಿರ ಹಳೇ ಸಹಪಾಠಿಯೊಬ್ಬ ಸಿಕ್ಕಿದ. ಸಂಕ್ರಾಂತಿ ಆದ ಮೇಲೆ ಬೆಳುಗುಪ್ಪದಲ್ಲಿ, ಮಗಳ ಮನೆಯಲ್ಲಿ, ಮೇಷ್ಟ್ರು ತೀರಿಕೊಂಡರಂತೆ. ಕೊನೆಗೆ ಕಣ್ಣು ಕಾಣುತ್ತಿರಲಿಲ್ಲವಂತೆ. ಅವನು ಹೋದ ಮೇಲೂ ನಾನು ಅಲ್ಲೇ ನಿಂತಿದ್ದೆ.

"ಯಾರು ತಾತ, ತೀರ್ಕೊಂಡೋರು?" ಮೊಮ್ಮಗಳು ಕೇಳಿದಳು.

ನನ್ನ ಬಾಯಿಂದ ಮೊದಲು ಬಂದದ್ದು ಅವರ ಜಾತಿ.

ಹುಡುಗಿ ಒಂದು ಗಳಿಗೆ ನನ್ನ ಮುಖ ನೋಡಿದಳು. "ಅದಲ್ಲ ತಾತ. ನಿಂಗೆ ಅವ್ರು ಏನಾಗ್ಬೇಕು ಅಂತ ಕೇಳಿದ್ದು."

ನನ್ನ ಮೇಷ್ಟ್ರು ಎನ್ನಲು ಆಮೇಲೆ ನನಗೆ ಬಾಯಿ ಬರಲಿಲ್ಲ.