ಡಬ್ಬಿ ಅಕ್ಕ ಮತ್ತು ಏಳನೇ ಕಂಪ್ಯೂಟರ್

ನನ್ನ ಗಂಡನ ಅಂತ್ಯಕ್ರಿಯೆ ಮುಗಿದು, ನೆಂಟರೆಲ್ಲ ಹೊರಟ ಮೇಲಿನ ಮೊದಲ ಮಾಮೂಲಿ ಬೆಳಗ್ಗೆ. ಮನೆಗೆ ಬೀಗ ಹಾಕಿ, ನಾನು ಕಲಿಯುವ ಹೊಲಿಗೆ ಶಾಲೆಗೆ ಬಂದಿದ್ದೇನೆ. ಇನ್ನೂ ಬೆಳಕು ಹರಿಯುತ್ತಿದೆ. ಡಬ್ಬಿ ಅಕ್ಕ ಆಗಲೇ ಮೇಜಿನಡಿ ನುಗ್ಗಿ ವೈರು ಎಳೆಯುತ್ತಿದ್ದಾರೆ.

ಇಲ್ಲಿನ ಏಳೂ ಕಂಪ್ಯೂಟರ್‌ಗಳು ಯಾರೋ ಬೇಡವೆಂದು ಕೊಟ್ಟವು. ಎಲ್ಲವನ್ನೂ ನಡೆಸುವುದು ಬಿಟ್ಟಿ ಸಿಗುವ ಲಿನಕ್ಸ್, ಆದರೆ ಒಂದೊಂದರದು ಒಂದೊಂದು ಬಗೆ. ಬಟ್ಟೆ ಕತ್ತರಿಸಲು ನಕ್ಷೆ ಬಿಡಿಸುವ ತಂತ್ರಾಂಶ ಒಂದರಲ್ಲಿ ಕೂತರೆ ಇನ್ನೊಂದು ಮುನಿಸಿಕೊಳ್ಳುತ್ತಿತ್ತು. ಅಕ್ಕ ಮೊದಲು ಇಲ್ಲೇ ಕಾಜಾ ಹೊಲಿಯುತ್ತಿದ್ದರು. ಕಣ್ಣು ಮಂಜಾದ ಮೇಲೆ ಯಂತ್ರಗಳ ಕಡೆ ತಿರುಗಿದರು. ಯಾವ ಲಿನಕ್ಸ್‌ನಲ್ಲಾದರೂ ಓಡುವಂತೆ ತಂತ್ರಾಂಶವನ್ನು ಕಟ್ಟಿಕೊಡುವ ಫ್ಲ್ಯಾಟ್‌ಪ್ಯಾಕ್ ಸಿಕ್ಕಿದ್ದೇ ತಡ, ಅವರ ಪಾಡು ಹಗುರಾಯಿತು.

“ಊಟದ ಡಬ್ಬಿ ಇದ್ದ ಹಾಗೆ ಕಣ್ರೀ. ಯಾರ ಮನೇಲಿ ಕೂತು ತೆರೆದ್ರೂ ಅದೇ ಊಟ!” ಹೆಸರು ಅಂಟಿಕೊಂಡದ್ದು ಹಾಗೆ.

ಇವತ್ತು ಪರೀಕ್ಷೆ. ಒಂದು ಯಂತ್ರ ಕೈಕೊಟ್ಟರೂ ಎಲ್ಲವನ್ನೂ ಗುಜರಿಗೆ ಹಾಕಿ ಈ ತರಗತಿ ಮುಚ್ಚುತ್ತೇನೆಂದು ಶಾಲೆಯ ಮೇಡಂ ಹೇಳಿಬಿಟ್ಟಿದ್ದಾರೆ. ಗುಜರಿ ಗಾಡಿ ಗೇಟಿನಲ್ಲೇ ನಿಂತಿದೆ.

ಮೊದಲ ಪರದೆಯಲ್ಲಿ ತೋಳು ಮೂಡುತ್ತದೆ, ಎರಡನೆಯದರಲ್ಲಿ ಕಾಲರು. ಆರನೆಯದೂ ತೆರೆದಾಗ ವಿದ್ಯಾರ್ಥಿನಿಯರು ಚಪ್ಪಾಳೆ ಹೊಡೆಯುತ್ತಾರೆ. ಏಳನೆಯದು ಮಾತ್ರ ಜಪ್ಪಯ್ಯ ಅಂದರೂ ತೆರೆಯುವುದಿಲ್ಲ. ಅದರ ಮುಂದೆ ಕೂತಿರುವುದು ಅಕ್ಕನ ವಾರಗಿತ್ತಿ.

“ಮನೇಲೂ ನನಗೇ ತಣ್ಣಗಾದ ಕಾಫಿ, ಇಲ್ಲೂ ನನಗೇ ಕೆಟ್ಟ ಕಂಪ್ಯೂಟರ್! ಚೆನ್ನಾಗಿದೆ ಅಕ್ಕಾ.”

“ಸ್ವಲ್ಪ ಬಾಯಿ ಮುಚ್ಕೊಂಡಿರೇ!”

ಅಕ್ಕ ಹಣೆ ಚಚ್ಚಿಕೊಳ್ಳುತ್ತಾರೆ. ಡಬ್ಬಿ ಇಡಲು ಒಂದು ಕಟ್ಟೆ ಬೇಕು. ರನ್‌ಟೈಮ್ ಅನ್ನುವ ಆ ದೊಡ್ಡ ಆಧಾರ ಕಡತವನ್ನು ಪ್ರತಿ ಯಂತ್ರಕ್ಕೂ ಒಮ್ಮೆ ಇಳಿಸಬೇಕು. ನಿನ್ನೆ ಡಿಸ್ಕ್ ಬದಲಿಸಿದ ಇದಕ್ಕೆ ಡಬ್ಬಿ ಹಾಕಿದ್ದಾರೆ, ಕಟ್ಟೆ ಮರೆತಿದ್ದಾರೆ. ನೆಟ್ ತೆವಳುತ್ತಿದೆ.

“ಕಟ್ಟೆ ಇಳಿಯೋ ಹೊತ್ತಿಗೆ ಸಂಜೆಯಾಗುತ್ತೆ,” ಅನ್ನುತ್ತಾರೆ ಅಕ್ಕ.

“ನಿಮ್ಮ ನೀಲಿ ಪೆನ್‌ಡ್ರೈವಲ್ಲಿ ಇತ್ತಲ್ಲಕ್ಕಾ? ಯಾರಿಗೆ ಕೊಟ್ಬಿಟ್ರಿ?” ವಾರಗಿತ್ತಿ ಕೇಳುತ್ತಾಳೆ.

ಅಕ್ಕ ಕಣ್ಣಲ್ಲೇ ಗದರುತ್ತಾರೆ. ನನ್ನ ಕಡೆ ನೋಡುವುದಿಲ್ಲ.

“ಯಾರಿಗೋ ಕೊಟ್ಟೆ. ಬಿಡು ಅತ್ಲಾಗೆ.”

ಮನೆಯ ಕಂಪ್ಯೂಟರಿಗೂ ಹಾಕಲೆಂದು ಅದನ್ನು ಒಯ್ದಿದ್ದವನು ನನ್ನ ಗಂಡ. ವಾಪಸು ಕೊಡಲೆಂದೇ ತಂದಿದ್ದೇನೆ. ಬ್ಯಾಗಿನಿಂದ ತೆಗೆದು ಕೊಡುತ್ತೇನೆ. ಅಕ್ಕ ಅದನ್ನು ಏಳನೆಯದಕ್ಕೆ ಸಿಕ್ಕಿಸುತ್ತಾರೆ. ಹಸಿರು ಗೆರೆ ತುಂಬುತ್ತದೆ, ತುಂಬುತ್ತದೆ, ಅಗೋ, ಪರದೆಯ ಮೇಲೆ ಒಂದು ಇಡೀ ಅಂಗಿ! ಸೂರು ಹಾರಿಹೋಗುವ ಹಾಗೆ ಕೂಗು. ಗುಜರಿ ಗಾಡಿ ಖಾಲಿಯೇ ತಿರುಗುತ್ತದೆ.

ಗದ್ದಲ ತಣ್ಣಗಾದ ಮೇಲೆ ಅಕ್ಕ ಮೆಲ್ಲಗೆ ಕೇಳುತ್ತಾರೆ, “ನಿಮ್ಮನೇ ಕಂಪ್ಯೂಟರಲ್ಲಿ ಓಡ್ತಾ ಇದೆಯಾ?”

“ಓಡ್ತಿದೆ.”

“ಹೇಗೆ ಹಾಕೋದು ಅಂತ ನಿಮ್ಮೆಜಮಾನ್ರಿಗೆ ಫೋನಲ್ಲಿ ಒಂದೇ ಸಲ ಹೇಳಿದ್ದೆ. ಅವರೇ ಹಾಕ್ಕೊಂಡ್ಬಿಟ್ರು ನೋಡಿ!”