ದಾಟಿದ್ದು ಹೌದು

ನೇತ್ರಾವತಿಯ ದಡದ ನರಿಕೊಂಬಿನಲ್ಲಿ ಹುಟ್ಟಿ, ಅದೇ ಹೊಳೆಯ ನೀರು ಕುಡಿದು ಬೆಳೆದು, ಅರುವತ್ತು ದಾಟಿದ ನನಗೆ ಈಜಲು ಬರುವುದಿಲ್ಲ. ಈಗ ಇಷ್ಟು ಸಲೀಸಾಗಿ ಬರೆಯುತ್ತಿದ್ದೇನೆ, ನಿಜ. ಆದರೆ ಬಾಯಿಬಿಟ್ಟು ಹೇಳಲು ಮೂವತ್ತನಾಲ್ಕು ವರ್ಷ ಬೇಕಾಯಿತು. ಅದೂ ಊರಿನಲ್ಲಿ ಆಗಲಿಲ್ಲ. ಮೆಕ್ಸಿಕೋ ದೇಶದವರೆಗೆ ಹೋಗಿ, ಅಲ್ಲಿನ ಒಂದು ನೆಲಗುಂಡಿಯ ಅಂಚಿನಲ್ಲಿ ನಿಂತು ಹೇಳಬೇಕಾಯಿತು.

ಮೊದಲು ಆ ಹಳೆಯ ಸಂಗತಿ. ನಾನು ಹೆಣ್ಣು ನೋಡಲು ಹೊರಟ ದಿನ ಹೊಳೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಹೆಣ್ಣಿನ ಮನೆ ಆಚೆ ದಡದಲ್ಲಿ, ಫರಂಗಿಪೇಟೆಯ ಕಡೆ. ಸುತ್ತು ಬಳಸಿ ಹೋಗುವ ಬಸ್ಸು ತಪ್ಪಿತ್ತು. ನೆರೆ ಬಂದಿದೆಯೆಂದು ಕಡವಿನ ದೋಣಿಯನ್ನೂ ನಿಲ್ಲಿಸಿದ್ದರು. ದೋಣಿ ನಡೆಸುವ ಇದಿನಬ್ಬರನ್ನು ಕಾಡಿ ಬೇಡಿ ಒಪ್ಪಿಸಿದೆ. ಪಾಪ, ಅವರು ನನ್ನನ್ನು ಜೋಪಾನವಾಗಿಯೇ ಆಚೆ ಮುಟ್ಟಿಸಿದರು. ದೋಣಿ ನಿಲ್ಲುವ ಮೊದಲೇ ಮದುಮಗನಾಗುವ ಉತ್ಸಾಹದಲ್ಲಿ ಹಾರಿದವನು ನಾನು. ಎದೆಮಟ್ಟದ ನೀರಿಗೆ ಬಿದ್ದೆ. ಇದಿನಬ್ಬರು ಅಂಗಿಯ ಕಾಲರು ಹಿಡಿದೆಳೆದು ದಡಕ್ಕೆ ಹಾಕಿದರು. ಹಾಗೆ ತೊಟ್ಟಿಕ್ಕುತ್ತ ಅಂಗಳದಲ್ಲಿ ನಿಂತಾಗ, ಮುಂದೆ ನನ್ನ ಮಾವನಾದವರು ಗಾಬರಿಯಿಂದ ಕೇಳಿದರು, "ಇದೆಂತ ಅವಸ್ಥೆ! ದೋಣಿ ಇಲ್ಲದೆ ಹೇಗೆ ಬಂದ್ರಿ?"

"ಹೊಳೆ ದಾಟಿ ಬಂದೆ" ಎಂದೆ.

ಅದರಲ್ಲಿ ಸುಳ್ಳೇನಿದೆ ಹೇಳಿ. ನಮ್ಮ ತುಳುವಿನಲ್ಲಿ 'ಕಡಪುನಿ' ಎಂದರೆ ದಾಟುವುದು. ದೋಣಿಯಲ್ಲಿ ಹೋದರೂ ದಾಟಿದ ಹಾಗೆ, ಸೇತುವೆಯ ಮೇಲೆ ಹೋದರೂ ದಾಟಿದ ಹಾಗೆ. ಆದರೆ ಮಾವನವರು ನನ್ನ ಒದ್ದೆ ಬಟ್ಟೆ ನೋಡಿದರು, ಕೆಂಪು ಹೊಳೆ ನೋಡಿದರು, ಬಾಗಿಲ ಸಂದಿಯಲ್ಲಿ ನಿಂತಿದ್ದ ಮಗಳ ಕಡೆಗೂ ಒಮ್ಮೆ ನೋಡಿದರು. ನೆರೆಯ ನೀರಿನಲ್ಲಿ ಈಜಿ ಬಂದ ಗಂಡು ಎಂದು ಆ ಕ್ಷಣದಲ್ಲೇ ತೀರ್ಮಾನವಾಯಿತು. ಬಾಗಿಲ ಸಂದಿಯ ಕಣ್ಣುಗಳು ಅರಳಿದ್ದು ನನಗೂ ಕಂಡಿತು. ತಿದ್ದುವ ಮನಸ್ಸಾಗಲಿಲ್ಲ. ಅಲ್ಲಿಂದ ಮುಂದೆ ಯಾವ ಮದುವೆ, ಯಾವ ಗೃಹಪ್ರವೇಶಕ್ಕೆ ಹೋದರೂ "ಇವರೇ, ಹೊಳೆ ದಾಟಿದ ಅಳಿಯ" ಎಂದೇ ಮಾವ ನನ್ನನ್ನು ಪರಿಚಯಿಸಿದರು. ನಿಜ ಗೊತ್ತಿದ್ದದ್ದು ಇದಿನಬ್ಬರಿಗೆ ಮಾತ್ರ. ಅವರು ಯಾರಿಗೂ ಹೇಳಲಿಲ್ಲ. ಫರಂಗಿಪೇಟೆಯಲ್ಲಿ ಸಿಕ್ಕಿದಾಗಲೆಲ್ಲ ಗಂಭೀರವಾಗಿ, "ಮಾಸ್ಟ್ರೇ, ಹೊಳೆಯಲ್ಲಿ ನೀರು ಎಷ್ಟುಂಟು?" ಎಂದು ಕೇಳುವುದನ್ನೂ ಬಿಡಲಿಲ್ಲ.

ಮಾಸ್ಟ್ರು ಎಂದದ್ದು ಯಾಕೆಂದರೆ ನಾನು ಬಂಟ್ವಾಳದ ಕಡೆಯ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿದ್ದೆ. ಪ್ರಾಚೀನ ನಾಗರಿಕತೆಗಳ ಪಾಠಕ್ಕೆ ಬಂದಾಗ ನನ್ನದೇ ಟಿಪ್ಪಣಿಯಿಂದ ಒಂದು ವಾಕ್ಯ ಬರೆಸುತ್ತಿದ್ದೆ: 'ಮಾಯಾ ಜನರು ದೊಡ್ಡ ದೊಡ್ಡ ನಗರಗಳನ್ನು ಕಟ್ಟಿ, ಕೊನೆಗೆ ನಿಗೂಢವಾಗಿ ಕಣ್ಮರೆಯಾದರು.' ನಿಗೂಢ ಎಂಬಲ್ಲಿ ಸ್ವಲ್ಪ ಸ್ವರ ತಗ್ಗಿಸುತ್ತಿದ್ದೆ. ಹಿಂದಿನ ಬೆಂಚಿನವರೂ ಆಗ ತಲೆಯೆತ್ತುತ್ತಿದ್ದರು. ಹೀಗೆ, ಹೊಳೆಯ ಸುಳ್ಳನ್ನು ಮನೆಯಲ್ಲೂ ಮಾಯಾ ಜನರ ಸುಳ್ಳನ್ನು ಶಾಲೆಯಲ್ಲೂ ಸಾಕಿಕೊಂಡು ನಾನು ನಿವೃತ್ತನಾದೆ. ಎರಡೂ ಒಂದೇ ದಿನ ಸಿಕ್ಕಿಬೀಳುತ್ತವೆಂದು ಯಾರು ಎಣಿಸಿದ್ದರು?

ನನ್ನ ಹೆಂಡತಿ ಶಶಿಕಲಾಳ ತಮ್ಮ ದಯಾನಂದ ಹೋಟೆಲಿನವನು. ನಮ್ಮವರು ಎಲ್ಲೆಲ್ಲಿ ಹೋಟೆಲು ಇಟ್ಟಿಲ್ಲ ಎಂದು ಹುಡುಕಿ ಹುಡುಕಿ ಅವನು ಮೆಕ್ಸಿಕೋದ ಕಡಲ ಬದಿಯ ಒಂದು ಊರಿಗೆ ಹೋಗಿ ಕೂತಿದ್ದಾನೆ. ಅಲ್ಲಿನವರಿಗೆ ನೀರುದೋಸೆ ಕೊಟ್ಟರೆ, ಇದು ನಮ್ಮ ರೊಟ್ಟಿಯೇ, ಸ್ವಲ್ಪ ನಾಚಿಕೆಯ ಸ್ವಭಾವದ್ದು ಎನ್ನುತ್ತಾರಂತೆ. ಅವನ ಒತ್ತಾಯಕ್ಕೆ ಹೋದ ನಮಗೆ ಒಂದು ದಿನದ ಪ್ರವಾಸ ಗೊತ್ತುಮಾಡಿದ. "ಭಾವ, ಬೆಳಿಗ್ಗೆ ಮಾಯಾ ಜನರ ಹಳೇ ಊರು, ಮಧ್ಯಾಹ್ನ ಮೇಲೆ ಈಜುವ ಗುಂಡಿ. ನಿಮಗೆ ಹೇಳಿ ಮಾಡಿಸಿದ ಹಾಗೆ ಉಂಟು" ಎಂದ. ಮೊದಲಿನ ಅರ್ಧಕ್ಕೆ ನನ್ನ ಕುತೂಹಲ ಕುಣಿಯಿತು. ಎರಡನೆಯ ಅರ್ಧಕ್ಕೆ, ಬೇಡವೆನ್ನಲು ಒಂದು ನೆಪ ಹುಡುಕಿದೆ. ಕುತೂಹಲ ಗೆದ್ದಿತು. ನನ್ನ ಬದುಕಿನಲ್ಲಿ ಅದು ಗೆಲ್ಲುವುದು ಹೆಚ್ಚು, ಗೆದ್ದಮೇಲೆ ನನ್ನನ್ನು ನಡುನೀರಿನಲ್ಲಿ ಬಿಡುವುದೂ ಹೆಚ್ಚು.

ವ್ಯಾನಿನಲ್ಲಿ ಹತ್ತಿಪ್ಪತ್ತು ಜನ, ಹಲವು ದೇಶದವರು. ಇಟ್ಸೆಲ್ ಎಂಬ ಮೂವತ್ತರ ಆಸುಪಾಸಿನ ಹೆಂಗಸು ನಮ್ಮ ಗೈಡು. ಹೊರಟ ಕೂಡಲೇ ಅವಳು ಎಲ್ಲರ ಹತ್ತಿರ, ನಿಮ್ಮ ಮನೆಮಾತಿನಲ್ಲಿ ನೀರಿಗೆ ಏನೆನ್ನುತ್ತೀರಿ ಎಂದು ಕೇಳಿದಳು. ನಾವು 'ನೀರ್' ಎಂದೆವು. ಅವಳ ಮನೆಮಾತಿನಲ್ಲಿ ಬರೇ 'ಹಾ'. ಎಷ್ಟು ಮಿತವ್ಯಯದ ಭಾಷೆ ನೋಡಿ! ಬಾಯಾರಿದವನು ಬಾಯಿ ತೆರೆದರೆ ಸಾಕು, ಶಬ್ದ ತಾನಾಗಿಯೇ ಬರುತ್ತದೆ. ಮಾಸ್ಟ್ರ ಬುದ್ಧಿ ಎಲ್ಲಿ ಹೋಗುತ್ತದೆ, ನಾನು ಕೈಯೆತ್ತಿ ನನ್ನ ಪ್ರಶ್ನೆ ಕೇಳಿಯೇಬಿಟ್ಟೆ: "ಅಷ್ಟು ದೊಡ್ಡ ಮಾಯಾ ಜನಾಂಗ ಹೇಗೆ ಕಣ್ಮರೆಯಾಯಿತು?"

ಇಟ್ಸೆಲ್ ನನ್ನನ್ನು ತುಂಬ ಮರ್ಯಾದೆಯಿಂದ ನೋಡಿದಳು. "ನಾವು ಎಲ್ಲಿಗೂ ಹೋಗಿಲ್ಲ. ನನ್ನ ಅಮ್ಮ ಈಗ ಮನೆಯಲ್ಲಿ ಅಡಿಗೆ ಮಾಡುತ್ತಿದ್ದಾಳೆ. ಮನೆಯಲ್ಲಿ ನಾವು ಮಾಯಾ ಮಾತಾಡುತ್ತೇವೆ, ಶಾಲೆಯಲ್ಲಿ ಸ್ಪ್ಯಾನಿಷ್" ಎಂದಳು.

ಮನೆಗೊಂದು ಭಾಷೆ, ಶಾಲೆಗೊಂದು ಭಾಷೆ! ಇದು ನಮ್ಮದೇ ಕಥೆಯಲ್ಲವೇ? ತುಳುವಿನಲ್ಲಿ ಅತ್ತು ಕನ್ನಡದಲ್ಲಿ ಉತ್ತರ ಬರೆದು ದೊಡ್ಡವರಾದವರು ನಾವು. ನಾಳೆ ಯಾವುದೋ ದೇಶದ ಮಾಸ್ಟ್ರು ಬೋರ್ಡಿನ ಮೇಲೆ, ತುಳು ಜನರು ನಿಗೂಢವಾಗಿ ಕಣ್ಮರೆಯಾದರು ಎಂದು ಬರೆದರೆ ಹೇಗಾದೀತು? ನಾನು ಮೆಲ್ಲ ಕಿಟಕಿಯ ಕಡೆ ತಿರುಗಿದೆ. ನನ್ನ ಟಿಪ್ಪಣಿ ಬರೆದುಕೊಂಡ ಮಕ್ಕಳೆಲ್ಲ ಒಬ್ಬೊಬ್ಬರಾಗಿ ಕಣ್ಣ ಮುಂದೆ ಬಂದರು. ಅವರಲ್ಲಿ ಕೆಲವರು ಈಗ ತಾವೇ ಮಾಸ್ಟ್ರುಗಳು.

ಹಳೇ ಊರು ತಲುಪಿದೆವು. ಕಾಡಿನ ನಡುವೆ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿದ ಕಲ್ಲಿನ ಕಟ್ಟಡ, ತುದಿಯಲ್ಲಿ ಪುಟ್ಟ ಗುಡಿ. ಅದನ್ನು ನೋಡಿದ್ದೇ ತಡ, ನಾನು ಚಪ್ಪಲಿ ಕಳಚಿ ಬದಿಗಿಟ್ಟೆ. ಶಶಿಯೂ ಕಳಚಿದಳು. ದೇವರ ಜಾಗ ಎಂದಮೇಲೆ ಬುದ್ಧಿ ಓಡುವುದಕ್ಕಿಂತ ಮೊದಲು ಕಾಲು ಓಡುತ್ತದೆ. ನಮ್ಮ ಹಿಂದಿದ್ದ ಮುದುಕ ದಂಪತಿ ಇದು ಇಲ್ಲಿನ ನಿಯಮವೆಂದು ತಿಳಿದು ಬೂಟು ಬಿಚ್ಚಿದರು, ಅವರನ್ನು ನೋಡಿ ಇನ್ನಿಬ್ಬರು. ಬಿಸಿಲಿಗೆ ಕಾದ ಸುಣ್ಣದಕಲ್ಲು ಕಾವಲಿಯ ಹಾಗಿತ್ತು. ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಆರು ಜನ ಕುಣಿಯತೊಡಗಿದೆವು. ಇಟ್ಸೆಲ್ ಓಡಿ ಬಂದಳು. ಕಾರಣ ಕೇಳಿ ನಕ್ಕಳು. ಆಮೇಲೆ ತನ್ನ ಬಾಟಲಿಯ ನೀರನ್ನು ನಮ್ಮಿಬ್ಬರ ಪಾದಕ್ಕೆ ಸುರಿದಳು. ಶಶಿ ನನ್ನ ಕಿವಿಯಲ್ಲಿ, "ನೆಂಟರ ಕಾಲಿಗೆ ನೀರು ಕೊಟ್ಟಾಯ್ತು. ಇನ್ನು ಬೆಲ್ಲ ಒಂದು ಬಾಕಿ" ಎಂದಳು.

ಮೇಲೆ ಹತ್ತಿ ನೋಡುವಾಗ ನನಗೆ ನೆನಪಾದದ್ದು ಮೂಡುಬಿದಿರೆ. ಪುತ್ತಿಗೆಯಲ್ಲಿ ನನ್ನ ಚಿಕ್ಕಮ್ಮನ ಮನೆ. ಅಲ್ಲಿಗೆ ಹೋಗುವಾಗಲೆಲ್ಲ ಮೂಡುಬಿದಿರೆಯಲ್ಲಿ ಬಸ್ಸು ಬದಲಿಸುತ್ತಿದ್ದೆ. ಅಲ್ಲಿನ ಕೊಡಂಗಲ್ಲಿನಲ್ಲಿ ಹಿಂದಿನ ಜೈನ ಗುರುಗಳ ಸಮಾಧಿಗಳಿವೆ. ಕೆಂಪು ಮುರಕಲ್ಲಿನವು, ಅಂತಸ್ತಿನ ಮೇಲೆ ಅಂತಸ್ತು, ಮೇಲೆ ಹೋದಂತೆ ಕಿರಿದಾಗುತ್ತ. ಚಿತ್ರದಲ್ಲಿ ನೋಡಿದ್ದೇನೆ. ಚಿತ್ರದಲ್ಲಿ ಮಾತ್ರ! ಇನ್ನೊಂದು ಬಸ್ಸಿಗೆ ಕಾಯುತ್ತ ಕಡ್ಲೆ ತಿಂದ ಸಮಯದಲ್ಲಿ ಹತ್ತು ಸಲ ನೋಡಿ ಬರಬಹುದಿತ್ತು. ಭೂಮಿಯ ಅರ್ಧ ಸುತ್ತಿ ಬಂದು, ಊರಿನದ್ದನ್ನು ನೋಡಲಿಲ್ಲವಲ್ಲ ಎಂದು ಹಲುಬುವವರನ್ನು ನಾನು ಯಾವಾಗಲೂ ಗೇಲಿ ಮಾಡುತ್ತಿದ್ದೆ.

ಮಧ್ಯಾಹ್ನ ಊಟವಾಗಿ ಗುಂಡಿಗೆ ಬಂದೆವು. ಆ ಸೀಮೆಯಲ್ಲಿ ನೆಲದ ಮೇಲೆ ಹೊಳೆಗಳೇ ಇಲ್ಲವಂತೆ. ಸುಣ್ಣದಕಲ್ಲು ಮಳೆಯನ್ನೆಲ್ಲ ಕುಡಿದುಬಿಡುತ್ತದೆ, ನೀರು ಅಡಿಯಲ್ಲೇ ಹರಿಯುತ್ತದೆ. ಎಲ್ಲೋ ಒಂದೊಂದು ಕಡೆ ನೆಲದ ಮಾಡು ಕುಸಿದು ಬಾಯಿ ತೆರೆದಿರುತ್ತದೆ, ಅದೇ ಈ ಗುಂಡಿ. ಅವರು 'ಸೆನೋಟೆ' ಎನ್ನುತ್ತಾರೆ. ಮರದ ಮೆಟ್ಟಿಲಿಳಿದು ನೋಡಿದರೆ ದುಂಡಗಿನ ನೀಲಿ ನೀರು, ಮೇಲಿನಿಂದ ಇಳಿಬಿದ್ದ ಬೇರುಗಳು, ಗೋಡೆಯಲ್ಲಿ ಗೂಡು ಕಟ್ಟಿದ ಹಕ್ಕಿಗಳು. ನೀರಿನಲ್ಲಿ ಕಪ್ಪು ಮೀನುಗಳು ನಿಧಾನವಾಗಿ ಸುತ್ತುತ್ತಿದ್ದವು. ಇದು ನಮ್ಮ ಕಯವೇ! ಹೊಳೆಯ ಆಳದ ಮಡುವಿಗೆ ನಮ್ಮಲ್ಲಿ ಕಯ ಎನ್ನುತ್ತೇವೆ. ಬೆಳ್ತಂಗಡಿಯ ಕಡೆ ದೇವಸ್ಥಾನದ ಕಯದಲ್ಲಿ ದೇವರ ಮೀನುಗಳಿಗೆ ಭತ್ತದ ಹೊದಲು ಹಾಕಿದ್ದು ನೆನಪಾಗಿ ಶಶಿಯ ಕೈ ಆಗಲೇ ಚಕ್ಕುಲಿಯ ಪೊಟ್ಟಣಕ್ಕೆ ಹೋಗಿತ್ತು. ಇಟ್ಸೆಲ್ ಕೈಮುಗಿದು ತಡೆದಳು. ಇಲ್ಲಿ ಮೀನಿಗೆ ಏನೂ ಹಾಕುವ ಹಾಗಿಲ್ಲ, ಮನುಷ್ಯರು ಕೂಡ ಸ್ನಾನ ಮಾಡಿಯೇ ಇಳಿಯಬೇಕಂತೆ. ನಮಗೆ ಈ ಮಡಿ ಬಹಳ ಹಿಡಿಸಿತು.

"ತಳ ಎಲ್ಲಿದೆ?" ಎಂದು ಕೇಳಿದೆ. ಈ ಗುಂಡಿಯದ್ದು ಇನ್ನೂ ಯಾರಿಗೂ ಸಿಕ್ಕಿಲ್ಲ ಎಂದಳು. ನನ್ನ ಅಜ್ಜಿಯೂ ನಮ್ಮ ಕಯದ ಬಗ್ಗೆ ಇದನ್ನೇ ಹೇಳುತ್ತಿದ್ದರು. ಹೇಳಿ ಹೇಳಿಯೇ ನನ್ನನ್ನು ಈಜು ಕಲಿಯದ ಹಾಗೆ ಮಾಡಿದ್ದರು.

ಈಜು ಬಾರದವರು ತೇಲುವ ಜಾಕೆಟ್ ಹಾಕಬೇಕು, ಬರುವವರು ಹಾಗೆಯೇ ಹಲಗೆಯ ಮೇಲಿನಿಂದ ಹಾರಬಹುದು ಎಂದು ಇಟ್ಸೆಲ್ ಹೇಳಿದಳು. ನಾನು ಮೆಲ್ಲ ಜಾಕೆಟಿನ ರಾಶಿಯ ಕಡೆ ಸರಿಯುತ್ತಿದ್ದೆ. ಅಷ್ಟರಲ್ಲಿ ಶಶಿ ತನಗೆ ಗೊತ್ತಿದ್ದ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ, ತನ್ನ ಗಂಡ ತುಂಬಿದ ಹೊಳೆ ದಾಟಿ ತನ್ನನ್ನು ನೋಡಲು ಬಂದವರೆಂದು ಸಭೆಗೆ ತಿಳಿಸಿದಳು. ಅವಳ ಮುಖದಲ್ಲಿ ಬಾಗಿಲ ಸಂದಿಯ ಅದೇ ಹುಡುಗಿ ಕಂಡಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಮುದುಕ ದಂಪತಿ ಹಲಗೆಗೆ ದಾರಿ ಬಿಟ್ಟುಕೊಟ್ಟರು.

ಹಲಗೆಯ ತುದಿಯಲ್ಲಿ ನಿಂತೆ. ನೀರು ಒಂದಿಷ್ಟು ದೂರ ನೀಲಿ, ಆಮೇಲೆ ಕಪ್ಪು. ಇಲ್ಲಿ ಇದಿನಬ್ಬರಿಲ್ಲ, ನನ್ನ ಅಂಗಿಗೆ ಕಾಲರೂ ಇಲ್ಲ. ಕಾಲು ನೋವು ಎನ್ನಬಹುದಿತ್ತು. ಸುಟ್ಟ ಪಾದದ ಸಾಕ್ಷಿಯೂ ಇತ್ತು. ಆದರೆ ಬೆಳಿಗ್ಗೆಯಷ್ಟೇ ಒಂದು ಹಳೇ ಸುಳ್ಳು ಕಳಚಿ ಬಿದ್ದಿತ್ತು. ಬಿದ್ದದ್ದು ಅವಮಾನವೆನಿಸಿದರೂ ಆಮೇಲೆ ಮೈ ಹಗುರಾದದ್ದು ನಿಜ. ಸುತ್ತ ಅಷ್ಟು ಜನರಿದ್ದರೂ ತುಳು ಗೊತ್ತಿದ್ದದ್ದು ಒಬ್ಬಳಿಗೆ ಮಾತ್ರ. ತಿರುಗಿ ಅವಳಿಗೆ ಹೇಳಿದೆ, "ಶಶೀ, ಎಂಕ್ ನೀಂದೆರೆ ಬರ್ಪುಜಿ." ನನಗೆ ಈಜಲು ಬರುವುದಿಲ್ಲ. ಇದಿನಬ್ಬರ ದೋಣಿ, ನನ್ನ ಹಾರಾಟ, ಕಾಲರು, ಎಲ್ಲವನ್ನೂ ಹೇಳಿದೆ.

ನಕ್ಕುಬಿಡುತ್ತಾಳೆ ಎಂದುಕೊಂಡಿದ್ದೆ. ಅವಳು ನಗಲಿಲ್ಲ. ಮುಖ ಬಿಳುಪೇರಿತು.

"ಹಾಗಾದ್ರೆ ಮಕ್ಕಳು?" ಎಂದಳು. "ರಜೆಯಲ್ಲಿ ಇಬ್ಬರನ್ನೂ ನಿಮ್ಮ ಒಟ್ಟಿಗೆ ಹೊಳೆಗೆ ಕಳಿಸ್ತಿದ್ದೆನಲ್ಲ. ನೀವು ಇದ್ದೀರಿ ಅಂತ ನಾನು ಮನೆಯಲ್ಲಿ ನಿಶ್ಚಿಂತೆಯಿಂದ ಕೂತಿರ್ತಿದ್ದೆ. ಏನಾದ್ರೂ ಆಗಿದ್ರೆ?"

ಅಷ್ಟು ವರ್ಷ ಇದನ್ನೊಂದು ತಮಾಷೆ ಎಂದೇ ನಾನು ತಿಳಿದಿದ್ದೆ. ಅವಳು ಅದರ ಮೇಲೆ ಭಾರ ಹಾಕಿ ನಿಂತಿದ್ದಳೆಂದು ಒಂದು ದಿನವೂ ಹೊಳೆದಿರಲಿಲ್ಲ. ನಾಚಿಕೆಯಿಂದ ನನ್ನ ಕಣ್ಣು ತುಂಬಿತು. "ಮೊಣಕಾಲಿಗಿಂತ ಮೇಲೆ ನೀರಿಗೆ ಬಿಡಲಿಲ್ಲ, ಶಶಿ. ಇಬ್ಬರ ಕೈಯನ್ನೂ ಒಂದು ಗಳಿಗೆಯೂ ಬಿಡಲಿಲ್ಲ" ಎಂದೆ.

ಅವಳು ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು. "ಅದಕ್ಕೇ ಮಕ್ಕಳ ಕೈ ಕೆಂಪಾಗಿರ್ತಿತ್ತು" ಎಂದಳು. "ತಣ್ಣೀರಿಗೆ ಹಾಗಾಗ್ತದೆ ಅಂತ ನೀವು ಹೇಳಿದ್ದು. ನಾನು ಎಣ್ಣೆ ಹಚ್ಚಿ ಹಚ್ಚಿ ಸಾಕಾಗಿದ್ದೆ." ಹೋಗಿ ಎರಡು ಜಾಕೆಟ್ ತಂದಳು. ಒಂದನ್ನು ನನ್ನ ಕಡೆ ಎಸೆದಳು, ಸ್ವಲ್ಪ ಜೋರಾಗಿಯೇ.

ಇಬ್ಬರೂ ಏಣಿ ಹಿಡಿದು ಇಳಿದೆವು. ಕಾಲಡಿ ಏನೂ ಇರಲಿಲ್ಲ. ಮುಳುಗಲೂ ಇಲ್ಲ. ಮೇಲಿನ ಆ ದುಂಡಗಿನ ಆಕಾಶವನ್ನು ನೋಡುತ್ತ, ಈ ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸುತ್ತ ಹಾಯಾಗಿ ತೇಲುತ್ತಿದ್ದೆ. ಪಕ್ಕದಿಂದ ಶಶಿಯ ದನಿ ಬಂತು, "ಮೆಲ್ಲ ಹಿಡಿಯಿರಿ ಮಾರಾಯ್ರೆ, ಕೆಂಪಾಗ್ತದೆ." ನೋಡಿದರೆ, ಅವಳ ಮಣಿಕಟ್ಟು ನನ್ನ ಮುಷ್ಟಿಯಲ್ಲಿತ್ತು.

ಊರಿಗೆ ಬಂದು ಮೊದಲು ಮಾಡಿದ ಕೆಲಸ ಕೊಡಂಗಲ್ಲಿನ ಸಮಾಧಿಗಳನ್ನು ನೋಡಿದ್ದು. ಚಪ್ಪಲಿ ಕಳಚಿದೆವು, ಯಾರೂ ತಿರುಗಿ ನೋಡಲಿಲ್ಲ. ಹಳೆಯ ವಿದ್ಯಾರ್ಥಿಗಳು ಸಿಕ್ಕಿದರೆ ಮಾಯಾ ಜನರ ವಾಕ್ಯವನ್ನು ತಿದ್ದುತ್ತೇನೆ. ಪಾಪ, ಅವರು ಆಸ್ಪತ್ರೆಯ ಸಾಲಿನಲ್ಲೋ ಮದುವೆಯ ಊಟದಲ್ಲೋ ಇರುತ್ತಾರೆ, ತಲೆಯಾಡಿಸುತ್ತಾರೆ. ಇನ್ನೊಂದು ವಾಕ್ಯವನ್ನು ತಿದ್ದುವುದೋ ಬೇಡವೋ ಎಂಬುದನ್ನು ಶಶಿಗೇ ಬಿಟ್ಟಿದ್ದೆ. ಅವಳು ತಿಂಗಳುಗಟ್ಟಲೆ ಆ ವಿಷಯ ಎತ್ತಲೇ ಇಲ್ಲ.

ಮೊನ್ನೆ ಫರಂಗಿಪೇಟೆಯಲ್ಲಿ ಮೀನು ತೆಗೆದುಕೊಳ್ಳುತ್ತಿರುವಾಗ ಇದಿನಬ್ಬರು ಸಿಕ್ಕಿದರು. ವಯಸ್ಸಾಗಿದೆ, ಕೈಯಲ್ಲಿ ಊರುಗೋಲು. ದೋಣಿ ಬಿಟ್ಟು ಬಹಳ ಕಾಲವಾಯಿತು, ಪ್ರಶ್ನೆ ಬಿಟ್ಟಿಲ್ಲ. "ಮಾಸ್ಟ್ರೇ, ಹೊಳೆಯಲ್ಲಿ ನೀರು ಎಷ್ಟುಂಟು?"

ನಾನು ಎಂದಿನಂತೆ ತಲೆ ತಗ್ಗಿಸುವಷ್ಟರಲ್ಲಿ ಶಶಿ ಹೇಳಿದಳು, "ಮೊಣಕಾಲಿನವರೆಗೆ ಉಂಟು ಇದಿನಬ್ಬಾಕ. ಇವರಿಗೆ ಅಷ್ಟು ಸಾಕು."

ಇದಿನಬ್ಬರು ಅವಳ ಮುಖ ನೋಡಿದರು, ನನ್ನ ಮುಖ ನೋಡಿದರು. ಊರುಗೋಲನ್ನು ಎಡಗೈಗೆ ಬದಲಿಸಿ, ಬಲಗೈಯಿಂದ ನನ್ನ ಅಂಗಿಯ ಕಾಲರು ಹಿಡಿದು ಒಮ್ಮೆ ಮೆಲ್ಲಗೆ ಎಳೆದರು. "ಈಗ ದಡಕ್ಕೆ ಬಂದ್ರಿ ನೋಡಿ" ಎಂದರು.